ರಾಜರ ಕಾಯಿಲೆಗೆ ನಲವತ್ತೊಂದು ಅರ್ಜಿ

ಹೆಡ್ ಗುಮಾಸ್ತರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಮನೆಗೆ ಬಂದ ಯಾವ ಕಾಗದವನ್ನೇ ಆಗಲಿ, ಮೂಲೆಯಲ್ಲಿ ತಾರೀಕು ಬರೆದು ಸಣ್ಣ ಸಹಿ ಹಾಕದೆ ಅವರು ಓದುತ್ತಿರಲಿಲ್ಲ. ಸಹಿ ಹಾಕಿದ ಮೇಲೆ ಓದುತ್ತಿದ್ದರು ಎಂದೂ ಹೇಳುವ ಹಾಗಿಲ್ಲ. ಮೂವತ್ತನಾಲ್ಕು ವರ್ಷ ದಾಖಲೆ ಕೋಣೆಯಲ್ಲಿ ಕೂತು ಅವರು ಕಲಿತ ವಿದ್ಯೆ ಒಂದೇ: ಎಷ್ಟು ದಪ್ಪದ ಕಡತವನ್ನಾದರೂ ಒಂದೇ ಪುಟಕ್ಕೆ ಇಳಿಸುವುದು. ಹಾಗೆ ಇಳಿಸುವಾಗ ಏನೇನು ಬಿದ್ದುಹೋಯಿತು ಎಂದು ಮೇಲಿನವರು ಒಮ್ಮೆಯೂ ಕೇಳಿರಲಿಲ್ಲ, ಯಾಕೆಂದರೆ ಮೇಲಿನವರು ಆ ಒಂದು ಪುಟವನ್ನೂ ಓದುತ್ತಿರಲಿಲ್ಲ.

ಇಂಥವರ ಕೈಗೆ ಆರೋಗ್ಯ ಕೇಂದ್ರದ ನರ್ಸಮ್ಮ ನಾಲ್ಕು ಪುಟದ ಕೈಪಿಡಿಯೊಂದನ್ನು ಕೊಟ್ಟರು. ತಪ್ಪು ಅವರದಲ್ಲ. ಪಾಪ, ಒಂದೇ ವಾರದಲ್ಲಿ ಅವರು ಹನ್ನೊಂದು ಬಡಾವಣೆ ಸುತ್ತಬೇಕಿತ್ತು. ಗೌಟ್ ಎಂಬ ಕೀಲುಬೇನೆಯ ಬಗ್ಗೆ ಹಿರಿಯರ ಸಂಘದಲ್ಲಿ ಯಾರಾದರೊಬ್ಬರು ಉಳಿದವರಿಗೆ ತಿಳಿಸಿ ಹೇಳಬೇಕು, ಹೇಳಿದವರಿಗೆ ‘ಆರೋಗ್ಯ ಮಿತ್ರ’ ಎಂಬ ಬ್ಯಾಡ್ಜು ಎಂದು ಅವರು ಮಾತು ಮುಗಿಸುವ ಮೊದಲೇ ಹೆಡ್ ಗುಮಾಸ್ತರ ಕೈ ಮೇಲೆದ್ದಿತ್ತು. ಸಂಘದ ಅಧ್ಯಕ್ಷರು, ಅಂದರೆ ನಿವೃತ್ತ ಬ್ಯಾಂಕ್ ಮ್ಯಾನೇಜರು, ತಾವೂ ಕೈಯೆತ್ತಿದರು. ಆದರೆ ಅವರು ಮೊದಲು ಕನ್ನಡಕ ಸರಿಮಾಡಿಕೊಳ್ಳಲು ಹೋಗಿ ತಡಮಾಡಿದ್ದರು. ಸೇವೆಯಲ್ಲಿದ್ದಾಗ ಹೆಡ್ ಗುಮಾಸ್ತರ ಮಾತನ್ನು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಈಗ ನಲವತ್ತೆರಡು ಜನರಿರುವ ಸಂಘ ಬಾಯಿ ಮುಚ್ಚಿಕೊಂಡು ಕೇಳಬೇಕು. ಅವರಿಗೆ ಆ ಬ್ಯಾಡ್ಜು ಬೇಕೇಬೇಕಿತ್ತು.

“ಪೂರ್ತಿ ಓದಿ ಹೇಳಿ ಸಾರ್, ಅಷ್ಟೇ. ಬೇರೇನೂ ಬೇಡ. ನಾಲ್ಕೇ ಪುಟ,” ಎಂದರು ನರ್ಸಮ್ಮ.

“ನರ್ಸಮ್ಮ, ನಾನೂರು ಪುಟದ ಕಡತ ನೋಡಿದೋನು ನಾನು.”

“ನೋಡೋದಲ್ಲ ಸಾರ್. ಓದೋದು.”

ಬ್ಯಾಡ್ಜು ಅಂಗಿಯ ಮೇಲೆ ಕೂತ ಕ್ಷಣದಿಂದ ಹೆಡ್ ಗುಮಾಸ್ತರ ನಡಿಗೆ ಬದಲಾಯಿತು. ಎದೆ ಒಂದು ಗೇಣು ಮುಂದೆ, ಮಿಕ್ಕವರು ಹಿಂದೆ. ಮನೆಯಲ್ಲಿ ಅಂಗಿ ಬಿಚ್ಚಿದಾಗ ಬ್ಯಾಡ್ಜು ಬನಿಯನ್ನಿಗೆ ವರ್ಗವಾಯಿತು. ಊಟಕ್ಕೆ ಕೂತ ಗಂಡನನ್ನು ನೋಡಿ ಹೆಂಡತಿ, “ಚುಚ್ಚಲ್ವಾ?” ಎಂದಳು.

“ಜವಾಬ್ದಾರಿ ಅಂದ್ಮೇಲೆ ಚುಚ್ಚುತ್ತೆ,” ಎಂದರು ಅವರು.

ಊಟವಾದ ಮೇಲೆ ಮೇಜಿನ ಮುಂದೆ ಕೂತು ಅವರು ಮೊಟ್ಟಮೊದಲು ಮಾಡಿದ ಕೆಲಸ, ಕೈಪಿಡಿಯ ನಾಲ್ಕು ಹಾಳೆಗಳನ್ನು ಹಿಡಿದಿಟ್ಟಿದ್ದ ಪಿನ್ನನ್ನು ಕಿತ್ತು ಡಬ್ಬಿಗೆ ಹಾಕಿದ್ದು. ಪಿನ್ನು ಉಳಿಸುವುದು ಅವರ ಹಳೆಯ ಅಭ್ಯಾಸ. ಆಮೇಲೆ ಸಾರಾಂಶ ಶುರುವಾಯಿತು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟುವುದರಿಂದ ಈ ಕಾಯಿಲೆ ಬರುತ್ತದೆ ಎಂದು ಮೊದಲ ಪುಟ ಹೇಳುತ್ತಿತ್ತು. ಹೆಚ್ಚಾಗಿ ಕಾಲಿನ ಹೆಬ್ಬೆರಳು ಇದ್ದಕ್ಕಿದ್ದಂತೆ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಂತಾಗುತ್ತದೆ ಎಂದು ಎರಡನೆಯದು. ಮದ್ಯ, ಕೆಂಪು ಮಾಂಸ, ಸಕ್ಕರೆ ತುಂಬಿದ ಪಾನೀಯ ಇವನ್ನು ದೂರವಿಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು ಮೂರನೆಯದು. ತಾವೇ ವೈದ್ಯ ಮಾಡಿಕೊಳ್ಳಬೇಡಿ, ಇದಕ್ಕೆ ಒಳ್ಳೆಯ ಔಷಧ ಇದೆ, ಡಾಕ್ಟರಿಗೆ ತೋರಿಸಿ ಎಂದು ನಾಲ್ಕನೆಯದು. ಇದೆಲ್ಲ ಗುಮಾಸ್ತರ ಕಣ್ಣಿಗೆ ಬರೀ ವಿವರ. ವಿವರ ಇರುವುದೇ ಬಿಡುವುದಕ್ಕೆ. ಅವರ ಕಣ್ಣು ಹೋಗಿ ನಿಂತದ್ದು ಕೊನೆಯ ಪುಟದ ಅಂಚಿನ ಒಂದು ಚೌಕದ ಮೇಲೆ. ‘ಹಿಂದೆ ಇದನ್ನು ರಾಜರ ಕಾಯಿಲೆ ಎನ್ನುತ್ತಿದ್ದರು’ ಎಂದು ಅಲ್ಲಿತ್ತು. ಆಹಾ, ಆರಂಭ ಅಂದರೆ ಇದು! ಅದನ್ನು ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು.

ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು. “ಇಲ್ಲಿ ಇನ್ನೊಂದು ಸಾಲಿದೆಯಲ್ರೀ. ‘ಇದು ತಪ್ಪು ಕಲ್ಪನೆ, ಯಾರಿಗೆ ಬೇಕಾದರೂ ಬರಬಹುದು’ ಅಂತ.”

“ಜಾಗ ಇಲ್ಲ.”

“ಕೆಳಗಡೆ ಅರ್ಧ ಹಾಳೆ ಖಾಲಿ ಇದೆ.”

“ಅದು ಅರ್ಜಿಗೆ.”

ನಿಜ. ಅರ್ಜಿಯಿಲ್ಲದ ಕಾಗದವನ್ನು ಹೆಡ್ ಗುಮಾಸ್ತರು ಕಾಗದವೆಂದೇ ಒಪ್ಪುತ್ತಿರಲಿಲ್ಲ. ಆದ್ದರಿಂದ ಕೆಳಗಿನ ಅರ್ಧದಲ್ಲಿ ಹೆಸರು, ವಯಸ್ಸು, ಹಿಂದಿನ ಹುದ್ದೆ, ‘ತಮಗೆ ಗೌಟ್ ಇದೆಯೇ? ಹೌದು / ಇಲ್ಲ’, ಸಹಿ ಎಂದು ಗೆರೆ ಹಾಕಿ ನಲವತ್ತೆರಡು ಪ್ರತಿ ಮಾಡಿಸಿದರು.

ಸಂಘ ಸೇರುತ್ತಿದ್ದದ್ದು ಗ್ರಂಥಾಲಯದ ಹಿಂದಿನ ದೊಡ್ಡ ಕೋಣೆಯಲ್ಲಿ. ಅಲ್ಲಿ ಮಡಚುವ ಕಬ್ಬಿಣದ ಕುರ್ಚಿಗಳು. ಅವನ್ನು ಗೋಡೆಯಿಂದ ತಂದು ಹಾಕುವುದು, ಮುಗಿದ ಮೇಲೆ ಎತ್ತಿಡುವುದು, ನಡುವೆ ಕಸ ಗುಡಿಸುವುದು, ಎಲ್ಲ ಒಬ್ಬಳೇ ಹೆಂಗಸಿನ ಕೆಲಸ. ಅರವತ್ತು ದಾಟಿದ್ದ ಅವಳನ್ನು ಎಲ್ಲರೂ ಕುರ್ಚಿಯಮ್ಮ ಎನ್ನುತ್ತಿದ್ದರು. ಸದಸ್ಯರು ಬಂದು ನಿಂತು, ಅವಳು ಒಂದೊಂದೇ ಕುರ್ಚಿ ಬಿಡಿಸುವುದನ್ನು ನೋಡುತ್ತಿದ್ದರು. ಸುಮ್ಮನೆ ನೋಡುತ್ತಿದ್ದರು ಎಂದರೆ ಅನ್ಯಾಯವಾದೀತು. “ಸಾಲು ನೆಟ್ಟಗಿರಲಿ” ಎಂದು ಹೇಳುವ ಶ್ರಮವನ್ನು ಅವರು ಪ್ರತಿಸಲವೂ ತೆಗೆದುಕೊಳ್ಳುತ್ತಿದ್ದರು.

ಪಾಠದ ದಿನ ಹೆಡ್ ಗುಮಾಸ್ತರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಮೊದಲ ಸಾಲಿನಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದರು.

“ಮಹನೀಯರೇ, ಮಹಿಳೆಯರೇ, ಹಿಂದೆ ಇದನ್ನು ರಾಜರ ಕಾಯಿಲೆ ಎನ್ನುತ್ತಿದ್ದರು!”

ತೂಕಡಿಸುತ್ತಿದ್ದವರು ನೆಟ್ಟಗಾದರು. ಕೋಣೆಯ ಕಿವಿಗಳೆಲ್ಲ ನಿಮಿರಿದವು.

“ಯಾವ ರಾಜರಿಗೆ ಬರ್ತಿತ್ತು?” ಎಂದು ಹಿಂದಿನಿಂದ ದರ್ಜಿ ಕೇಳಿದ. ನಲವತ್ತು ವರ್ಷ ಬೇರೆಯವರ ಅಳತೆ ತೆಗೆದು ತನಗೊಂದು ಸರಿಯಾದ ಕೋಟು ಹೊಲಿದುಕೊಳ್ಳದ ಮನುಷ್ಯ.

“ಎಲ್ಲಾ ರಾಜರಿಗೂ,” ಎಂದರು ಹೆಡ್ ಗುಮಾಸ್ತರು ಉದಾರವಾಗಿ.

“ರಾಣಿಯರಿಗೆ?” ನಿವೃತ್ತ ಹೆಡ್ ಮಿಸ್ ಎದ್ದು ನಿಂತೇ ಕೇಳಿದರು.

ಕೈಪಿಡಿಯಲ್ಲಿ ಉತ್ತರವಿತ್ತು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಇದು ಬರುವುದುಂಟು ಎಂದು ಎರಡನೇ ಪುಟದಲ್ಲೇ ಬರೆದಿತ್ತು. ಆದರೆ ಸಾರಾಂಶದಲ್ಲಿ ಇರಲಿಲ್ಲ. ಹೆಡ್ ಗುಮಾಸ್ತರು ತಮ್ಮ ಹಾಳೆಯನ್ನು ಒಮ್ಮೆ ತಿರುಗಿಸಿ ನೋಡಿ, “ಶಿಫಾರಸಿನ ಮೇಲೆ,” ಎಂದರು.

ಪಾಠ ಎಂಟು ನಿಮಿಷದಲ್ಲಿ ಮುಗಿಯಿತು. ನೀರು, ಔಷಧ, ಡಾಕ್ಟರು ಯಾವುದೂ ಬರಲಿಲ್ಲ. ಹೆಬ್ಬೆರಳು ಮಾತ್ರ ಒಂದು ಸಲ ಬಂದುಹೋಯಿತು. ನಂತರ ಅರ್ಜಿಗಳನ್ನು ಹಂಚಿದರು. ಇಲ್ಲೊಂದು ವಿಷಯ ಹೇಳಬೇಕು. ಆ ಕೋಣೆಯಲ್ಲಿದ್ದವರೆಲ್ಲ ಜೀವಮಾನವಿಡೀ ಅರ್ಜಿ ತುಂಬಿ ಹಣ್ಣಾದವರು. ‘ಹೌದು’ ಎಂದರೆ ಏನಾದರೂ ಸಿಗುತ್ತದೆ, ‘ಇಲ್ಲ’ ಎಂದರೆ ಇದ್ದದ್ದೂ ಹೋಗುತ್ತದೆ ಎಂಬುದು ಅವರ ರಕ್ತದಲ್ಲಿ ಯೂರಿಕ್ ಆಮ್ಲಕ್ಕಿಂತ ಗಟ್ಟಿಯಾಗಿ ಸೇರಿತ್ತು. ಅಧ್ಯಕ್ಷರು ಪಕ್ಕದವರಿಗೆ ಕಾಣುವ ಹಾಗೆ ‘ಹೌದು’ ಎಂದು ಗುರುತು ಹಾಕಿದರು. ಹಿಂದೆಯೇ ಹೆಡ್ ಮಿಸ್. ದರ್ಜಿ ‘ಹೌದು’ ಹಾಕಿ, ಬದಿಯಲ್ಲಿ ‘ಎರಡೂ ಕಾಲು’ ಎಂದು ಸೇರಿಸಿದ. ಹೆಡ್ ಗುಮಾಸ್ತರ ಕಾಲು ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೆ ಅಧ್ಯಕ್ಷರಿಗೆ ಇರುವ ರಾಜರ ಕಾಯಿಲೆ ಆರೋಗ್ಯ ಮಿತ್ರನಿಗೆ ಇಲ್ಲವೆಂದರೆ ಹೇಗೆ? ಅವರೂ ‘ಹೌದು’ ಎಂದರು.

ಎಲ್ಲರೂ ಹೊರಟ ಮೇಲೆ ಕುರ್ಚಿಯಮ್ಮ ಬಾಗಿಲ ಬಳಿಯಿಂದ ಬಂದಳು. ಅವಳು ಪಾಠವನ್ನು ಅಲ್ಲೇ ನಿಂತು ಕೇಳಿದ್ದಳು, ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿಕೊಂಡು.

“ಸಾರ್, ನಂಗೂ ಒಂದು ಕಾಗದ ಕೊಡ್ತೀರಾ?”

“ಇದು ಸದಸ್ಯರಿಗೆ ಮಾತ್ರ ಕಣಮ್ಮ. ಬರೀ ಕಾಗದ ಬೇಕಾ? ತಗೋ, ಇದು ರದ್ದಿ,” ಎಂದು ಹೆಡ್ ಗುಮಾಸ್ತರು ಪಿನ್ನು ಕಿತ್ತಿದ್ದ ನಾಲ್ಕು ಹಾಳೆಗಳನ್ನು ಅವಳ ಕೈಗಿಟ್ಟು, ದಾನ ಮಾಡಿದ ತೃಪ್ತಿಯಿಂದ ಮನೆಗೆ ಹೋದರು.

ಮನೆಯಲ್ಲಿ ಅರ್ಜಿಗಳನ್ನು ಎಣಿಸಿದಾಗ ನಲವತ್ತೊಂದು ‘ಹೌದು’, ಒಂದೇ ಒಂದು ‘ಇಲ್ಲ’. ಆ ‘ಇಲ್ಲ’ದ ಕೆಳಗಿನ ಸಹಿ ನೋಡಿ ಅವರ ಮುಖ ಕಪ್ಪಿಟ್ಟಿತು. ಸಂಘದ ಸದಸ್ಯೆಯೇ ಆಗಿದ್ದ ಹೆಂಡತಿಯದು.

“ಸ್ವಂತ ಮನೆಯಲ್ಲೇ ಹೀಗಾದ್ರೆ ನಾನು ಹೊರಗೆ ಹೇಗೆ ತಲೆ ಎತ್ತಲಿ?”

“ಕಾಲು ಚೆನ್ನಾಗಿದೆ. ಚೆನ್ನಾಗಿದೆ ಅಂತ ಬರೆದೆ. ತಲೆ ಬಗ್ಗೆ ಅದರಲ್ಲಿ ಕೇಳಿರ್ಲಿಲ್ಲ,” ಎಂದಳು ಅವಳು, ಗುಂಡಿ ಹೊಲಿಯುತ್ತಾ.

ಮುಂದಿನ ವಾರವಿಡೀ ಬಡಾವಣೆ ಕುಂಟಿತು. ಉದ್ಯಾನದಲ್ಲಿ ಬೆಳಗಿನ ಹೊತ್ತು ದಾಪುಗಾಲು ಹಾಕುತ್ತಿದ್ದವರು ಊರುಗೋಲು ಹಿಡಿದು ಬಂದರು. ದರ್ಜಿಗೆ ಮೊಣಕಾಲಿನಲ್ಲಿ ಇಪ್ಪತ್ತು ವರ್ಷದ ಪ್ರಾಮಾಣಿಕ ನೋವಿತ್ತು. ಅದನ್ನು ಅವನು ಒಂದೇ ದಿನದಲ್ಲಿ ಹೆಬ್ಬೆರಳಿಗೆ ಇಳಿಸಿಕೊಂಡ. ಹೆಡ್ ಮಿಸ್ ಅಂಗಡಿಯ ಸರದಿಯಲ್ಲಿ ನಿಲ್ಲುವುದನ್ನೇ ಬಿಟ್ಟು, “ನಮ್ಮ ಕಾಯಿಲೆಯವರು ನಿಲ್ಲೋ ಹಾಗಿಲ್ಲಮ್ಮ,” ಎಂದು ಮುಂದೆ ಹೋಗತೊಡಗಿದರು. ಅಧ್ಯಕ್ಷರ ಸೊಸೆ ಪಕ್ಕದ ಮನೆಯವಳನ್ನು ಕಾಂಪೌಂಡಿನ ಮೇಲಿಂದಲೇ ಕೇಳಿದಳು, “ನಿಮ್ಮ ಮಾವನೋರದು ಏನು, ಬರೀ ವಾತಾನಾ? ಅಯ್ಯೋ ಪಾಪ. ನಮ್ಮನೇಲಿ ರಾಜರ ಕಾಯಿಲೆ.” ಪಕ್ಕದ ಮನೆಯವಳು ಒಳಗೆ ಹೋಗಿ ಮಾವನನ್ನು ದುರುಗುಟ್ಟಿ ನೋಡಿದಳು. ಎಪ್ಪತ್ತಾರು ವರ್ಷ ಬದುಕಿ ಆ ಮನುಷ್ಯ ಮನೆಗೆ ಒಂದು ಒಳ್ಳೆಯ ಕಾಯಿಲೆ ತಂದಿರಲಿಲ್ಲ.

ಈ ಎಲ್ಲದರ ನಡುವೆ ಹೆಡ್ ಗುಮಾಸ್ತರು ‘ಒಟ್ಟು ಸದಸ್ಯರು 42, ಗೌಟ್ ಇರುವವರು 41’ ಎಂಬ ತಃಖ್ತೆಯನ್ನು ಮೂರು ಪ್ರತಿ ಮಾಡಿ, ಸಹಿ ಹಾಕಿ, ಆರೋಗ್ಯ ಕೇಂದ್ರಕ್ಕೆ ಕಳಿಸಿದ್ದರು. ಅದು ಅಲ್ಲಿಂದ ಮೇಲಕ್ಕೆ ಹೋಯಿತು. ಮೇಲಿನವರು ಕಾಗದ ಓದುವುದಿಲ್ಲ ಎಂಬ ಮೂವತ್ತನಾಲ್ಕು ವರ್ಷದ ನಂಬಿಕೆ ಅವರಿಗೆ ಮೊದಲ ಸಲ ಕೈಕೊಟ್ಟಿತು. ಯಾರೋ ಓದಿಬಿಟ್ಟಿದ್ದರು.

ನರ್ಸಮ್ಮ ಉಸಿರು ಕಟ್ಟಿ ಓಡಿ ಬಂದರು. “ಸಾರ್, ಏನ್ ಮಾಡಿದ್ರಿ ಸಾರ್? ಒಂದೇ ಬಡಾವಣೇಲಿ ನಲವತ್ತೊಂದು ಜನಕ್ಕೆ ಗೌಟ್ ಅಂದ್ರೆ ನೀರಲ್ಲೇ ಏನೋ ಇದೆ ಅಂತ ನಲ್ಲಿ ನೀರು ಸೀಸೇಲಿ ತುಂಬಿಸ್ಕೊಂಡು ಹೋಗಿದ್ದಾರೆ. ಗುರುವಾರ ದೊಡ್ಡ ಡಾಕ್ಟರೇ ಬರ್ತಾರೆ. ಎಲ್ಲರ ಕಾಲೂ ನೋಡ್ತಾರೆ, ರಕ್ತಾನೂ ನೋಡ್ತಾರೆ.”

“ಬರಲಿ ಬಿಡಿ. ಸ್ವಾಗತ ಮಾಡೋಣ.”

“ಸುಳ್ಳು ಅಂತ ಗೊತ್ತಾದ್ರೆ ಮೊದಲು ನಿಮ್ಮ ಬ್ಯಾಡ್ಜು ಕಿತ್ಕೋತಾರೆ ಸಾರ್. ಆಮೇಲೆ ನನ್ನ ವಿಚಾರಿಸ್ಕೋತಾರೆ.”

ಹೆಡ್ ಗುಮಾಸ್ತರ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಹೃದಯದ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಮೇಲೆ.

ಅವರಿಗೆ ತಿಳಿದ ಮದ್ದು ಒಂದೇ. ಅಂದೇ ‘ಗೌಟ್ ಹಿಂತೆಗೆತ’ ಎಂಬ ಹೊಸ ಅರ್ಜಿ ಬರೆದು ಮನೆ ಮನೆ ತಿರುಗಿದರು. ‘ಈ ಮೊದಲು ನನಗೆ ಇದ್ದ ಗೌಟನ್ನು ಸ್ವಇಚ್ಛೆಯಿಂದ ವಾಪಸು ಪಡೆದಿರುತ್ತೇನೆ’ ಎಂದು ಅದರಲ್ಲಿತ್ತು. ಒಬ್ಬರೂ ಸಹಿ ಹಾಕಲಿಲ್ಲ.

“ಮ್ಯಾನೇಜರಾಗಿದ್ದೋನು ಕೊಟ್ಟ ಮಾತು ವಾಪಸ್ ತಗೊಳ್ತೀನಾ?” ಎಂದರು ಅಧ್ಯಕ್ಷರು, ದಿಂಬಿನ ಮೇಲೆ ಕಾಲು ಚಾಚಿಕೊಂಡು. “ನೀವೇ ಮೊದಲು ಹಾಕಿ, ನೋಡೋಣ.”

ಹೆಡ್ ಗುಮಾಸ್ತರು ಪೆನ್ನು ತೆಗೆದರು. ಅಧ್ಯಕ್ಷರ ದಿಂಬು ನೋಡಿದರು. ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ಗುರುವಾರ ದೊಡ್ಡ ಡಾಕ್ಟರು ಬಂದರು. ಗಿಡ್ಡ ಮೈಕಟ್ಟು, ದಪ್ಪ ಕನ್ನಡಕ, ಅನಗತ್ಯವಾಗಿ ಒಂದು ಅಕ್ಷರವನ್ನೂ ಖರ್ಚು ಮಾಡದ ಬಾಯಿ. ಕೋಣೆಯ ಒಂದು ತುದಿಯಲ್ಲಿ ಮೇಜು, ಬೆಂಚು, ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಯಂತ್ರ. ಕುರ್ಚಿಗಳೆಲ್ಲ ಗೋಡೆಗೆ ಒರಗಿದ್ದವು. ನಲವತ್ತೊಂದು ಜನ ಸಾಲಾಗಿ ಕುಂಟುತ್ತ ಒಳಗೆ ಬಂದರು. ಕೆಲವರು ಬರುವಾಗ ಬಲಗಾಲು ಕುಂಟಿ, ಬೆಂಚು ಮುಟ್ಟುವ ಹೊತ್ತಿಗೆ ಎಡಗಾಲಿಗೆ ಬದಲಾಯಿಸಿದ್ದರು.

ಅಧ್ಯಕ್ಷರು ಮಿರಮಿರ ಮಿಂಚುವ ಬೂಟಿನಲ್ಲಿ ಮೊದಲು ಕೂತರು.

“ನೋವು ಯಾವಾಗಿಂದ?”

“ಈಗಲೂ ಇದೆ ಡಾಕ್ಟ್ರೇ. ಸಿಡೀತಾ ಇದೆ.”

“ಗೌಟ್ ಕೆರಳಿದ ಕಾಲು ಹೊದಿಕೆ ಭಾರಾನೂ ತಡೆಯಲ್ಲ. ನೀವು ಬೂಟಿನ ಲೇಸು ಎರಡು ಗಂಟು ಹಾಕಿದ್ದೀರಿ.”

“ರಾಜರೂ ಬೂಟು ಹಾಕ್ತಿದ್ರಲ್ಲ.”

ಡಾಕ್ಟರು ಬೂಟು ಕಳಚಿಸಿ, ಹೆಬ್ಬೆರಳನ್ನು ಬಲವಾಗಿ ಅದುಮಿದರು. ಕಚಗುಳಿಯಾಗಿ ಅಧ್ಯಕ್ಷರು ಕಿಸಕ್ಕೆಂದು ನಕ್ಕರು. ನಕ್ಕ ಮೇಲೆ “ಅಯ್ಯೋ” ಎಂದರು.

“ಮುಂದಿನವರು.”

ಮುಂದಿನವರು, ಅವರ ಮುಂದಿನವರು, ಎಲ್ಲರ ಹಣೆಬರಹವೂ ಅದೇ ಆಯಿತು. ದರ್ಜಿಯ ನೋವನ್ನು ಡಾಕ್ಟರು ಮೊಣಕಾಲಿಗೆ ವಾಪಸು ಕಳಿಸಿದರು. ಹೆಡ್ ಗುಮಾಸ್ತರ ಕಾಲನ್ನು ಮುಟ್ಟಲೂ ಇಲ್ಲ, ದೂರದಿಂದಲೇ ನೋಡಿ, “ಇನ್ನೂ ಮೂವತ್ತು ವರ್ಷ ಓಡುತ್ತೆ,” ಎಂದರು. ಅಷ್ಟು ಕೆಟ್ಟ ಸುದ್ದಿಯನ್ನು ಅವರು ನಿರೀಕ್ಷಿಸಿರಲಿಲ್ಲ. ಕೊನೆಗೆ ಪಟ್ಟಿ ಮಡಚಿ ಡಾಕ್ಟರು ಹೇಳಿದರು, “ಮೂವರಿಗೆ ರಕ್ತದಲ್ಲಿ ಯೂರಿಕ್ ಆಮ್ಲ ಸ್ವಲ್ಪ ಹೆಚ್ಚಿದೆ. ಅಷ್ಟಕ್ಕೇ ಅದು ಗೌಟ್ ಅಲ್ಲ. ನೀರು ಚೆನ್ನಾಗಿ ಕುಡೀರಿ. ಉಳಿದ ಯಾರಿಗೂ ಏನೂ ಇಲ್ಲ.”

ಆ ಮೂವರು ಉಳಿದವರ ಕಡೆ ಯುವರಾಜರಂತೆ ನೋಡಿದರು. ಮಿಕ್ಕವರಿಗೆ ಹೊಟ್ಟೆ ಉರಿದುಹೋಯಿತು.

“ಈ ತಃಖ್ತೆಗೆ ಸಹಿ ಹಾಕಿದ ಆರೋಗ್ಯ ಮಿತ್ರ ಯಾರು?”

ಹೆಡ್ ಗುಮಾಸ್ತರು ಅಂಗೈಯಿಂದ ಬ್ಯಾಡ್ಜು ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡಿದರು. ಅಷ್ಟರಲ್ಲಿ ಕುರ್ಚಿಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಮುಂದೆ ಬಂದಳು. ಅವಳ ಕೈಯಲ್ಲಿ ನಾಲ್ಕು ಹಾಳೆ ಇದ್ದವು. ಮಡಿಕೆ ಬಿದ್ದು, ಬೆರಳಿನ ಗುರುತು ಬಿದ್ದು, ಆದರೆ ಒಂದರ ಮೇಲೊಂದು ಸರಿಯಾಗಿ ಜೋಡಿಸಿದ್ದವು.

“ಡಾಕ್ಟ್ರೇ, ನಾನು ಸದಸ್ಯಳಲ್ಲ. ಆದ್ರೆ ಇದರ ಎರಡನೇ ಪುಟದಲ್ಲಿ ಬರೆದಿರೋದೆಲ್ಲ ನಂಗಿದೆ.”

ಅವಳು ಬಲಗಾಲಿನ ಚಪ್ಪಲಿ ಬಿಟ್ಟಳು. ಬೆರಳಿಗೆ ತಾಗದಿರಲೆಂದು ಅದರ ಮುಂಭಾಗವನ್ನು ಕತ್ತರಿಸಿಕೊಂಡಿದ್ದಳು. ಹೆಬ್ಬೆರಳಿನ ಬುಡ ಕೆಂಪಗೆ ಊದಿ ಮಿರುಗುತ್ತಿತ್ತು, ಪಕ್ಕದಲ್ಲಿ ಗಟ್ಟಿಯಾದ ಗಂಟು. ಡಾಕ್ಟರು ಬಗ್ಗಿ, ಈ ಸಲ ಅದುಮದೆ, ಬೆರಳಿನ ತುದಿಯಿಂದ ಬರೀ ಸೋಕಿಸಿದರು. ಕುರ್ಚಿಯಮ್ಮ ಅಯ್ಯೋ ಎನ್ನಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡಳು, ಗೆಣ್ಣುಗಳು ಬೆಳ್ಳಗಾದವು.

“ಎಷ್ಟು ವರ್ಷ?”

“ಆರಾಯ್ತು. ಬರುತ್ತೆ, ಹತ್ತು ದಿನ ಸಾಯ್ಸುತ್ತೆ, ಹೋಗುತ್ತೆ. ಕುರ್ಚಿ ಬಿದ್ದು ಉಳುಕಿರ್ಬೇಕು ಅಂದ್ಕೊಂಡಿದ್ದೆ, ಈ ಕಾಗದ ಓದೋವರ್ಗೂ. ನಾನು ಅಕ್ಷರ ಕೂಡ್ಸಿ ಕೂಡ್ಸಿ ಓದೋಳು. ನಾಲ್ಕು ದಿನ ಹಿಡೀತು.”

ಪುಟ್ಟ ಯಂತ್ರವೂ ಅವಳ ಮಾತನ್ನೇ ಹೇಳಿತು. ಇಡೀ ಬಡಾವಣೆಯಲ್ಲಿ ಗೌಟ್ ಇದ್ದದ್ದು ಅವಳೊಬ್ಬಳಿಗೆ. ನರ್ಸಮ್ಮನ ಕಣ್ಣಲ್ಲಿ ನೀರು ಬಂತು. ಆರು ವರ್ಷ ಅವರ ಕಣ್ಣೆದುರೇ ಆ ಕಾಲು ನಡೆದಾಡಿತ್ತು.

“ಮಾತ್ರೆ ಬರ್ಕೊಡ್ತೀನಿ. ನಡುವೆ ನಿಲ್ಲಿಸಬಾರದು,” ಎಂದರು ಡಾಕ್ಟರು. “ಹತ್ತು ದಿನ ಈ ಕಾಲಿಗೆ ಕೆಲಸ ಕೊಡಬಾರದು. ಕೂತ್ಕೊಳ್ಳಿ. ಕಾಲು ಮೇಲಿಡಿ.”

ಸಂಘದಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಎದ್ದು ನಿಂತರು. “ಇದು ಹೇಗೆ ಸಾಧ್ಯ? ರಾಜರ ಕಾಯಿಲೆ ಕಸ ಗುಡಿಸೋಳಿಗೆ ಬರೋದಾ? ಇನ್ನೊಂದ್ಸಲ ನೋಡಿ ಡಾಕ್ಟ್ರೇ, ಯಂತ್ರ ಕೆಟ್ಟಿರ್ಬೇಕು. ನಮ್ಮ ಕಟ್ಟಡದಲ್ಲಿ, ನಮ್ಮ ಕಾರ್ಯಕ್ರಮದಲ್ಲಿ, ಸದಸ್ಯಳೇ ಅಲ್ಲದೋಳು…”

“ಕಾಯಿಲೆಗೆ ಸದಸ್ಯತ್ವ ಬೇಕಿಲ್ಲ. ನಾಲ್ಕನೇ ಪುಟದಲ್ಲಿದೆ, ಓದಿ.”

ಹೆಡ್ ಗುಮಾಸ್ತರಿಗೆ ಆಗ ಒಂದು ಬೆಳಕು ಕಂಡಿತು. ಬ್ಯಾಡ್ಜಿನ ಮೇಲಿನ ಕೈ ತೆಗೆದು ಎದೆಯುಬ್ಬಿಸಿದರು. “ಅಂತೂ ನಮ್ಮ ಪಾಠದಿಂದ ಒಬ್ಬರಿಗಾದ್ರೂ ಉಪಯೋಗ ಆಯ್ತಲ್ಲ ಡಾಕ್ಟ್ರೇ. ಕೈಪಿಡಿ ಕೊಟ್ಟೋನು ನಾನೇ.”

“ಹೌದು ಡಾಕ್ಟ್ರೇ, ಅವರೇ ಕೊಟ್ರು. ರದ್ದಿ ತಗೋ ಅಂತ,” ಎಂದಳು ಕುರ್ಚಿಯಮ್ಮ. ಅದರಲ್ಲಿ ಯಾವ ಚುಚ್ಚೂ ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದಳು.

ಡಾಕ್ಟರು ಅಂಗೈ ಚಾಚಿದರು. ಹೆಡ್ ಗುಮಾಸ್ತರು ಬ್ಯಾಡ್ಜು ಬಿಚ್ಚಿದರು. ಬಿಚ್ಚುವಾಗ ಬೆರಳಿಗೆ ಚುಚ್ಚಿತು. “ಇದು ನಾಲ್ಕು ಪುಟ ಓದಿದವರಿಗೆ,” ಎಂದು ಡಾಕ್ಟರು ಅದನ್ನು ಕುರ್ಚಿಯಮ್ಮನ ಮಡಿಲಲ್ಲಿ ಇಟ್ಟರು. ಅವಳು ಅದನ್ನು ತಿರುಗಿಸಿ ಹಿಂಭಾಗ ನೋಡಿದಳು. “ಪಿನ್ನು ಗಟ್ಟಿಯಾಗಿದೆ,” ಎಂದು ಮೆಚ್ಚಿ, ನಾಲ್ಕು ಹಾಳೆಗಳನ್ನು ಸೇರಿಸಿ ಅದರಿಂದ ಚುಚ್ಚಿಟ್ಟಳು.

ಡಾಕ್ಟರ ಗಾಡಿ ಹೋದದ್ದೇ ತಡ, ಅಧ್ಯಕ್ಷರು ತುರ್ತು ಸಭೆ ಕರೆದರು. ವಿಷಯ: ಸಂಘಕ್ಕಾದ ಅವಮಾನ. ಎಲ್ಲರೂ ಒಪ್ಪಿದರು, ಎಲ್ಲರೂ ಕೂರಲು ತಿರುಗಿದರು. ಕುರ್ಚಿಗಳು ಗೋಡೆಗೇ ಒರಗಿದ್ದವು. ಇಡೀ ಕೋಣೆಯಲ್ಲಿ ಬಿಡಿಸಿದ್ದ ಕುರ್ಚಿ ಎರಡೇ. ನರ್ಸಮ್ಮ ತಾವೇ ತಂದು ಹಾಕಿದ್ದವು. ಒಂದರ ಮೇಲೆ ಕುರ್ಚಿಯಮ್ಮ, ಇನ್ನೊಂದರ ಮೇಲೆ ಅವಳ ಬಲಗಾಲು. ನಲವತ್ತೊಂದು ಜನ ನಿಂತೇ ಇದ್ದರು. ಒಬ್ಬರೂ ಕುಂಟುತ್ತಿರಲಿಲ್ಲ.

ಯಾರಾದರೂ ತರಬೇಕಲ್ಲ. ಎಲ್ಲರ ಕಣ್ಣೂ ಹೆಡ್ ಗುಮಾಸ್ತರ ಮೇಲೆ ಬಿತ್ತು. ಅವರು ಹೆಂಡತಿಯ ಕಡೆ ನೋಡಿದರು.

“ನನ್ನ ನೋಡ್ಬೇಡಿ. ನಿಮ್ಮ ಕಾಲು ಇನ್ನೂ ಮೂವತ್ತು ವರ್ಷ ಓಡುತ್ತಂತೆ,” ಎಂದಳು ಅವಳು.

ಹೆಡ್ ಗುಮಾಸ್ತರು ಕುರ್ಚಿ ಹೊತ್ತರು. ಒಂದು ತಂದರು, ಎರಡು ತಂದರು. ಆರನೆಯದರ ಹೊತ್ತಿಗೆ ಬೆವರು ಕಿತ್ತುಕೊಂಡು ಬಂತು. ಒಂಬತ್ತನೆಯದು ಕೈಜಾರಿ, ಮಡಚಿದ ಕಬ್ಬಿಣ ನೇರವಾಗಿ ಅವರ ಬಲಗಾಲಿನ ಹೆಬ್ಬೆರಳಿನ ಮೇಲೆ ಬಿತ್ತು. ಅವರು ಒಂಟಿಕಾಲಲ್ಲಿ ಎರಡು ಸುತ್ತು ಹಾಕಿದರು. ಸಂಘ ಅನುಮಾನದಿಂದ ನೋಡಿತು.

“ನೋವಿದೆಯಾ ಸಾರ್?” ಎಂದು ನರ್ಸಮ್ಮ ಕೇಳಿದರು.

“ಇಲ್ಲ,” ಎಂದರು ಹೆಡ್ ಗುಮಾಸ್ತರು, ಹಲ್ಲು ಕಚ್ಚಿಕೊಂಡು. ಅವರ ಜೀವಮಾನದಲ್ಲಿ ಅಂಥ ಪ್ರಶ್ನೆಗೆ ಕೊಟ್ಟ ಮೊದಲ ‘ಇಲ್ಲ’ ಅದು, ಅದೂ ಸುಳ್ಳು.

ಬಿದ್ದ ಕುರ್ಚಿಯನ್ನು ಎತ್ತಿ, ಬಿಡಿಸಿ, ಉಳಿದ ಎಂಟರ ಪಕ್ಕಕ್ಕೆ ತಳ್ಳಿ, ಅವರು ಹತ್ತನೆಯದಕ್ಕೆಂದು ಗೋಡೆಯ ಕಡೆ ಕುಂಟಿದರು. ಹಿಂದಿನಿಂದ ಕುರ್ಚಿಯಮ್ಮ ಕತ್ತು ಓರೆಮಾಡಿ ಆ ಒಂಬತ್ತನ್ನೂ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಕೂತಲ್ಲಿಂದ ನೋಡುತ್ತಿದ್ದಳು.

“ಸಾರ್,” ಎಂದಳು, “ಸಾಲು ನೆಟ್ಟಗಿರಲಿ.”